ಎಣ್ಣಿ ಅಂದರೇನೆಂದು ನಾನು ಹೇಳಲಿಲ್ಲ

ಹೆಂಡವನ್ನು ಒಂದು ಹನಿಯೂ ನಾಲಿಗೆಗೆ ತಾಗಿಸದ ಮನುಷ್ಯನೊಬ್ಬ ಕುಡುಕನೆಂಬ ಹೆಸರು ಹೊತ್ತು ಸತ್ತ. ಆ ಹೆಸರು ಸುಳ್ಳೆಂದು ಖಚಿತವಾಗಿ ಗೊತ್ತಿದ್ದವನು ಅವನನ್ನು ಬಿಟ್ಟರೆ ನಾನೊಬ್ಬನೇ. ಸುಳ್ಳು ನನ್ನಿಂದ ಹುಟ್ಟಲಿಲ್ಲ, ಒಂದು ಮಾತನ್ನು ಒಬ್ಬರು ಒಂದು ರೀತಿ ಆಡಿ ಇನ್ನೊಬ್ಬರು ಇನ್ನೊಂದು ರೀತಿ ಕೇಳಿಸಿಕೊಂಡದ್ದರಿಂದ ಹುಟ್ಟಿತು. ಆದರೆ ಹುಟ್ಟಿದ ಗಳಿಗೆಯಲ್ಲಿ ನಾನು ಅಲ್ಲೇ ಕುಳಿತಿದ್ದೆ. ಒಂದೇ ವಾಕ್ಯ ಸಾಕಿತ್ತು — ಆಡಲಿಲ್ಲ. ಒಂಬತ್ತು ವರ್ಷ ಆಡಲಿಲ್ಲ.

ಅವನ ಹೆಸರು ಈರಪ್ಪ. ನಾನು ನಿಂಗಪ್ಪ, ಎಪ್ಪತ್ತೆರಡು ವರ್ಷ. ಕುಂದಗೋಳ ತಾಲ್ಲೂಕಿನಲ್ಲಿ ಯರಗುಪ್ಪಿಗೆ ಹತ್ತಿರದ ಸಣ್ಣ ಊರು ನಮ್ಮದು. ಸಂಶಿಗೆ ನಡೆದು ಹೋಗಿ ಬಂದು ಹತ್ತನೆಯ ತರಗತಿ ಪಾಸಾದೆ, ಮುಂದೆ ಓದಲಿಲ್ಲ. ಹೊಲಗಳಿಗೆ ಎಣ್ಣಿ ಹೊಡೆಯುವ ಆರು ಜನರ ಗುಂಪು ಕಟ್ಟಿಕೊಂಡು ಇಪ್ಪತ್ತೈದು ವರ್ಷ ಅದರ ಮುಕಾದಮನಾಗಿದ್ದೆ. ಇವತ್ತು ಯಾರ ಹೊಲ, ಯಾವ ಬಾಟಲಿ, ಒಂದು ಪಂಪಿಗೆ ಎಷ್ಟು ಮುಚ್ಚಳ — ಎಲ್ಲ ನಾನು ಹೇಳುತ್ತಿದ್ದೆ. ಪಂಪನ್ನು ಬೆನ್ನಿಗೇರಿಸುತ್ತಿದ್ದವರು ಅವರು.

ಎಣ್ಣಿ ಎಂದರೆ ಏನೆಂದು ದೂರದವರಿಗೆ ಮೊದಲೇ ಹೇಳಿಬಿಡಬೇಕು. ಅದನ್ನು ಹೇಳದೆ ಹೋದದ್ದೇ ನನ್ನ ಪಾಪ. ನಮ್ಮ ಕಡೆ ಹತ್ತಿಗೆ, ಮೆಣಸಿನ ಗಿಡಕ್ಕೆ, ಕಡಲೆಗೆ ಹುಳ ಬಿದ್ದರೆ ಸಿಂಪಡಿಸುವ ವಿಷಕ್ಕೆ ಯಾರೂ ಕೀಟನಾಶಕ ಎನ್ನುವುದಿಲ್ಲ, ವಿಷ ಎಂದೂ ಅನ್ನುವುದಿಲ್ಲ. ಎಣ್ಣಿ ಎನ್ನುತ್ತೇವೆ. ಸಿಂಪಡಿಸುವುದಕ್ಕೆ ಎಣ್ಣಿ ಹೊಡಿಯೂದು ಎನ್ನುತ್ತೇವೆ. ಒಗ್ಗರಣೆಗೆ ಹಾಕುವುದೂ ಎಣ್ಣಿ, ಕೂಸಿನ ನೆತ್ತಿಗೆ ತಟ್ಟುವುದೂ ಎಣ್ಣಿ, ಇದೂ ಎಣ್ಣಿ. ಅಷ್ಟು ಸಲುಗೆಯ ಹೆಸರಿದ್ದ ಮೇಲೆ ಅದಕ್ಕೆ ಯಾರು ಹೆದರುತ್ತಾರೆ?

ಈರಪ್ಪ ಹೆದರುತ್ತಿದ್ದ — ಸ್ವಲ್ಪ. ಅದನ್ನೂ ಹೋಗಲಾಡಿಸಿದವನು ನಾನು.

ಗುಂಪಿಗೆ ಸೇರಿದ ಹೊಸದರಲ್ಲಿ ಅವನು ಮೂಗು ಬಾಯಿ ಮುಚ್ಚುವಂತೆ ಟವೆಲ್ ಕಟ್ಟಿಕೊಂಡು ಹೊಲಕ್ಕೆ ಇಳಿದ. ನಾನು ಬದುವಿನ ಮೇಲೆ ನಿಂತಿದ್ದೆ. ಎಲ್ಲರಿಗೂ ಕೇಳಿಸುವಂತೆ ಕೂಗಿದೆ:

“ಏನಲೇ ಈರ್ಯಾ, ಮದಿಮಗಳಂಗ ಮುಸುಕು ಹಾಕ್ಕೊಂಡಿ? ಯಾರ ನೋಡಾಕ ಬಂದಾರ ನಿನ್ನ?”

ಐದೂ ಜನ ನಕ್ಕರು. ಅವನೂ ನಕ್ಕ. “ಘಾಟ ಭಾಳ ಐತಿ ಅಣ್ಣಾ” ಎಂದ. “ಘಾಟು ಹುಳಕ್ಕ, ನಿನಗಲ್ಲ” ಎಂದೆ. ಅವನು ಟವೆಲ್ ಬಿಚ್ಚಿ ತಲೆಗೆ ಸುತ್ತಿಕೊಂಡ. ಆಮೇಲೆ ಇಪ್ಪತ್ತೆರಡು ವರ್ಷ ಅವನು ಮುಖಕ್ಕೆ ಬಟ್ಟೆ ಕಟ್ಟಿದ್ದನ್ನು ನಾನು ನೋಡಲಿಲ್ಲ.

ಬ್ಯಾರಲ್ಲಿನಲ್ಲಿ ನೀರಿಗೆ ಎಣ್ಣಿ ಬೆರೆಸುವುದೂ ಅವನ ಕೆಲಸವೇ ಆಯಿತು. ಕೋಲು ಹಾಕಿ ಕಲಕಿದರೆ ತಳದಲ್ಲಿ ಉಳಿಯುತ್ತದೆಂದು ತೋಳನ್ನೇ ಮೊಣಕೈ ಮೇಲಿನವರೆಗೆ ಇಳಿಸಿ ಕಲಕುತ್ತಿದ್ದ. ಅದನ್ನು ನಾನು ಹೊಲದ ಯಜಮಾನರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ — ನೋಡ್ರಿ, ಮಜ್ಜಿಗಿ ಕಡದಂಗ ಕಡಿತಾನ, ಒಂದ ಹನಿ ತಳಾ ಹಿಡಿಯಾಂಗಿಲ್ಲ. ಪಂಪಿನ ಮೂತಿಯಲ್ಲಿ ಕಸ ಸಿಕ್ಕಿ ಕಟ್ಟಿಕೊಂಡರೆ ಅದನ್ನು ಬಿಚ್ಚಿ ಬಾಯಿಗಿಟ್ಟು ಊದುತ್ತಿದ್ದ. ಒಂದು ದಿನದಲ್ಲಿ ಎಷ್ಟು ಸಲವೋ. ಎಲ್ಲರೂ ಹಾಗೇ ಮಾಡುತ್ತಿದ್ದರು, ಹೌದು. ಆದರೆ ಬಾಟಲಿಗೆ ಸುತ್ತಿಕೊಂಡು ಬರುವ ಆ ಮಡಿಸಿದ ಕಾಗದ — ಅದರಲ್ಲಿ ಕನ್ನಡವೂ ಇರುತ್ತಿತ್ತು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಗುಂಪಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಓದಿದ್ದೆ. ಕೈಗವಸು ಹಾಕಬೇಕು, ಮುಖ ಮುಚ್ಚಿಕೊಳ್ಳಬೇಕು, ಗಾಳಿಗೆ ಎದುರಾಗಿ ಸಿಂಪಡಿಸಬಾರದು, ಮೂತಿಯನ್ನು ಬಾಯಿಂದ ಊದಬಾರದು. ಓದಿ, ಇದ್ದ ಮಡಿಕೆಯಲ್ಲೇ ಮಡಿಸಿ, ಬದುವಿನ ಕಲ್ಲಿನ ಕೆಳಗೆ ಇಟ್ಟೆ. ಯಾಕೆ ಹೇಳಲಿಲ್ಲ? ಹೇಳಿದರೆ ಕೆಲಸ ತಡವಾಗುತ್ತದೆ ಎಂದೋ, ಮುಕಾದಮನೇ ಹೆದರಿದ ಎಂದು ಕಾಣುತ್ತದೆ ಎಂದೋ — ಇವತ್ತು ಎಷ್ಟು ಹುಡುಕಿದರೂ ದೊಡ್ಡ ಕಾರಣ ಸಿಗುವುದಿಲ್ಲ. ಸಣ್ಣ ಕಾರಣಗಳೇ.

ಬೆಳೆಯ ಹಂಗಾಮಿನ ದಿನಗಳಲ್ಲಿ ಸಂಜೆ ಹೊಲದಿಂದ ಬರುವಾಗ ಈರಪ್ಪನ ಕಣ್ಣು ಕೆಂಪಾಗಿರುತ್ತಿದ್ದವು. ಕಾಲು ಸ್ವಲ್ಪ ತೂರಾಡುತ್ತಿದ್ದವು. ಕೆಲವು ದಿನ ಹಳ್ಳದ ದಂಡೆಯಲ್ಲಿ ಕುಳಿತು ವಾಂತಿ ಮಾಡಿಕೊಂಡು ಎದ್ದು ಬರುತ್ತಿದ್ದ. ಮನೆಗೆ ಹೋಗಿ ಉಣ್ಣದೆ ಮಲಗುತ್ತಿದ್ದ. “ಎಣ್ಣಿ ತಲಿಗೇರೈತಿ” ಎನ್ನುತ್ತಿದ್ದೆವು. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರೆ ಇಳಿಯುತ್ತದೆ ಎನ್ನುತ್ತಿದ್ದೆವು.

ಅವನಿಗೆ ಇದ್ದ ಒಂದೇ ಗೀಳು ಭಜನೆ. ಪ್ರತಿ ಸೋಮವಾರ ಬಸವಣ್ಣನ ಗುಡಿಯಲ್ಲಿ ತಾಳ ಹಿಡಿದು ಮುಂದೆ ಕುಳಿತು ಹಾಡು ಎತ್ತಿಕೊಡುವವನು ಅವನೇ. ಎಲೆ ಅಡಿಕೆಯನ್ನೂ ಹಾಕುತ್ತಿರಲಿಲ್ಲ, ದನಿ ಕೆಡುತ್ತದೆ ಎಂದು.

ಒಂಬತ್ತು ವರ್ಷದ ಹಿಂದೆ, ಹತ್ತಿ ಬಿಡಿಸುವ ಹೊತ್ತಿಗೆ, ಅವನು ಸೊರಗಿದ. ಮೊದಲು ಸುಸ್ತು ಎಂದ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ಎಲ್ಲಿಯೂ ಬಡಿದುಕೊಳ್ಳದೆ ತೊಡೆಯ ಮೇಲೆ, ಬೆನ್ನ ಮೇಲೆ ನೀಲಿ ಕಲೆಗಳು. ಜ್ವರ ಬಂದು ಹೋಗಿ ಬಂದು ಹೋಗಿ ಕೊನೆಗೆ ಬಿಡದೆ ಉಳಿದುಬಿಟ್ಟಿತು. ಸಂಶಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಗದ ನೋಡಿ, ಏನೂ ಹೇಳದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅವನ ಹೆಂಡತಿ ಶಾಂತವ್ವ, ಅವನು, ಜೊತೆಗೆ ನಾನು. ಓದು ಬರಹ ಬಲ್ಲವನು ಜೊತೆಗಿರಲಿ ಎಂದು ನನ್ನನ್ನು ಕರೆದರು. ಆ ಕಾರಣಕ್ಕೇ ಕರೆದರು — ಅದನ್ನು ನೆನೆದರೆ ಈಗಲೂ…

ರೋಗಿಯ ಜೊತೆ ಒಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ಶಾಂತವ್ವ ಹೊರಗೆ ಬೆಂಚಿನ ಮೇಲೆ ಕುಳಿತಳು, ನಾನು ಒಳಗೆ ಹೋದೆ. ಮೇಜಿನ ಆಚೆ ಒಬ್ಬ ಹುಡುಗ ಡಾಕ್ಟರು. ಮೈಸೂರು ಕಡೆಯವರೆಂದು ಮಾತಿನಲ್ಲೇ ತಿಳಿಯಿತು, ಬಂದು ಬಹಳ ದಿನವಾಗಿರಲಿಕ್ಕಿಲ್ಲ. ಒಳ್ಳೆಯ ಮನುಷ್ಯ. ಹಳ್ಳಿಯವನು ಹೆದರಬಾರದೆಂದು ನಗುನಗುತ್ತಲೇ ಕೇಳಿದರು:

“ಏನಾದ್ರೂ ಅಭ್ಯಾಸ ಇದೆಯಾ ಯಜಮಾನ್ರೇ? ಬೀಡಿ, ತಂಬಾಕು?”

“ಇಲ್ರಿ ಸಾಹೇಬ್ರ. ಏನೂ ಇಲ್ರಿ.”

“ಎಣ್ಣೆ ಹೊಡೀತೀರಾ?”

“ಹೌದ್ರಿ” ಎಂದ ಈರಪ್ಪ. ಅವನಿಗೆ ಖುಷಿಯೇ ಆಯಿತು, ಡಾಕ್ಟರಿಗೆ ತನ್ನ ಕೆಲಸ ಗೊತ್ತಿದೆಯಲ್ಲ ಎಂದು. “ಅದ ನಮ್ಮ ಕೆಲಸರಿ.”

ಡಾಕ್ಟರು ನಕ್ಕರು. “ಅದೇ ಕೆಲಸಾನಾ! ಎಷ್ಟು ವರ್ಷದಿಂದ?”

“ಇಪ್ಪತ್ತೆರಡು ವರ್ಷಾತ್ರಿ.”

“ದಿನಾ ಹೊಡೀತೀರಾ?”

“ಹಂಗಾಮಿನ್ಯಾಗ ದಿನಾರಿ. ಮುಂಜಾನಿ ಸುರು ಮಾಡಿದ್ರ ಹೊತ್ತು ಮುಣಗೂತನಾ.”

ನಗು ನಿಂತಿತು. “ಬೆಳಿಗ್ಗೆಯಿಂದಾನಾ? ಎಷ್ಟು ಹೊಡೀತೀರಾ?”

“ಎರಡ ಬಾಟ್ಲಿರಿ. ಒಮ್ಮೊಮ್ಮೆ ಮೂರೂ ಆಕ್ಕಾವು. ನಾವು ಆರು ಮಂದಿ ಕೂಡಿ ಹೊಡಿತೀವ್ರಿ.” ನನ್ನ ಕಡೆ ಕೈ ಮಾಡಿದ, ಹೆಮ್ಮೆಯಿಂದ. “ಇವರ ನಮ್ಮ ಮುಕಾದಮ್ರು. ಇವರ ಎಲ್ಲಾ ಕಲಿಸಿದವರ್ರಿ.”

ಡಾಕ್ಟರು ನನ್ನನ್ನು ನೋಡಿದ ರೀತಿ — ಆಗ ತಿಳಿಯಿತು ನನಗೆ. ಬೆಂಗಳೂರು ಮೈಸೂರಿನ ಕಡೆ ಎಣ್ಣೆ ಹೊಡೆಯುವುದೆಂದರೆ ಹೆಂಡ ಕುಡಿಯುವುದು. ಸಿನಿಮಾದಲ್ಲಿ ಎಷ್ಟೋ ಸಲ ಕೇಳಿದ್ದೆ. ಈರಪ್ಪ ಸಿನಿಮಾ ನೋಡುವವನಲ್ಲ. ನನಗೆ ನಗು ಬಂತು, ನಿಜ ಹೇಳುತ್ತೇನೆ. ಗಂಟಲವರೆಗೆ ಬಂತು. “ಅಯ್ಯ ಸಾಹೇಬ್ರ, ಅದಲ್ರಿ, ಬೆಳಿಗೆ ಹೊಡಿಯೋ ಎಣ್ಣಿ” ಎಂದಿದ್ದರೆ ಮೂವರೂ ನಕ್ಕು ಮುಗಿಯುತ್ತಿತ್ತು.

ಮುಗಿಯುತ್ತಿತ್ತೇ? ಅದರ ಮುಂದಿನ ಪ್ರಶ್ನೆ ನನಗೆ ಕಾಣಿಸಿತು. ಯಾವ ಎಣ್ಣಿ? ಹೇಗೆ ಬೆರೆಸುತ್ತಿದ್ದಿರಿ? ಕೈಗೆ ಏನಾದರೂ ಹಾಕುತ್ತಿದ್ದಿರಾ? ಮುಖಕ್ಕೆ? ಯಾಕೆ ಹಾಕಲಿಲ್ಲ? ಆಗ ಈರಪ್ಪ ತನ್ನ ಮುಗ್ಧ ಬಾಯಿಂದ, ಇದೇ ಹೆಮ್ಮೆಯಿಂದ, ಮದುಮಗಳ ಮಾತನ್ನು ಹೇಳಿಬಿಡುತ್ತಿದ್ದ.

ಡಾಕ್ಟರು ನನ್ನನ್ನೇ ಕೇಳಿದರು: “ಹೌದೇನ್ರೀ? ಇವರು ಹೇಳ್ತಿರೋದು ನಿಜಾನಾ?”

“ಹೌದ್ರಿ” ಎಂದೆ.

ಈರಪ್ಪ ಆಡಿದ ಮಾತು ನಿಜವೇ ಆಗಿತ್ತು, ನಾನೂ ನಿಜಕ್ಕೇ ಹೌದು ಎಂದೆ — ಎಷ್ಟೋ ವರ್ಷ ಹೀಗೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡಾಗ ನನ್ನ ಎದೆ ಹಗುರಾಯಿತು. ಸುಳ್ಳು ಹೇಳದವನ ಎದೆ ಹಾಗೆ ಹಗುರಾಗುವುದಿಲ್ಲ.

ರಕ್ತದ ಕ್ಯಾನ್ಸರ್ ಎಂದರು. ಕುಡಿತದಿಂದ ಬಂತೆಂದು ಯಾವ ಡಾಕ್ಟರೂ ಹೇಳಲಿಲ್ಲ, ಅವರ ಮೇಲೆ ನಾನು ತಪ್ಪು ಹೊರಿಸಲಾರೆ. ಅದು ಕಾಗದದಲ್ಲಿ ಒಂದು ಸಾಲಾಗಿ ಉಳಿಯಿತು, ಅಷ್ಟೆ. ಆದರೆ ಕಾಗದ ಕೈಯಿಂದ ಕೈಗೆ ಹೋಗುತ್ತದೆ. ನಾಲ್ಕನೆಯ ದಿನ ವಾರ್ಡಿನಲ್ಲಿ ಸಲಾಯಿನ್ ಬದಲಿಸಲು ಬಂದ ನರ್ಸೊಬ್ಬಳು ಶಾಂತವ್ವನಿಗೆ ಹೇಳಿದಳು: “ಇಪ್ಪತ್ತೆರಡ ವರ್ಷ ಕುಡದಾರಂತಲ್ಲ ಅಕ್ಕಾರ, ಅದೂ ಮುಂಜಾನಿಂದ. ನೀವರೆ ಬಿಡಸಬೇಕಿತ್ತಿಲ್ರಿ?”

ನಾನು ಮಂಚದ ಕಾಲ ಬಳಿ ನಿಂತಿದ್ದೆ. ಶಾಂತವ್ವ ಗಂಡನ ಮುಖ ನೋಡಿದಳು. ಈರಪ್ಪ ದಿಂಬಿನಿಂದ ತಲೆ ಎತ್ತಿದ.

“ಯಾರ ಹೇಳಿದ್ರವ್ವ ನಿನಗ? ನಾ ಕುಡಿಯಾಂವೇನ? ಭಜನಿ ಮಾಡೋ ಬಾಯಿ ಇದು.” ಆಮೇಲೆ ನನ್ನ ಕಡೆ ತಿರುಗಿದ. “ಅಣ್ಣಾ, ನೀ ಹೇಳ ಇಕಿಗೆ. ಇಪ್ಪತ್ತೆರಡ ವರ್ಷ ನಿನ್ನ ಕಣ್ಣಮುಂದ ಇದ್ದೀನಿ. ನೀ ಒಂದ ಮಾತ ಹೇಳಿಬಿಡ.”

ದೇವರು ಎರಡನೆಯ ಸಲ ಬಾಗಿಲು ತೆರೆದಿದ್ದ. ಗಂಡ ಹೆಂಡತಿ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಶಾಂತವ್ವನಿಗೆ ಹೇಳಿದ್ದು ಇದು:

“ಹೋಗ್ಲಿ ಬಿಡ ತಂಗಿ. ಆಗಿದ್ದು ಆಗಿಹೋತು. ಈಗ ಅದನ್ನ ಯಾಕ ತಗೀತಿ?”

ಇದಕ್ಕಿಂತ ಕೆಟ್ಟ ಮಾತು ನನ್ನ ಜನ್ಮದಲ್ಲಿ ಆಡಿಲ್ಲ. ಕುಡಿಯುತ್ತಿದ್ದ ಎಂದಿದ್ದರೆ ಶಾಂತವ್ವ ಜಗಳ ಮಾಡುತ್ತಿದ್ದಳು, ಆಣೆ ಹಾಕಿಸುತ್ತಿದ್ದಳು, ಸುಳ್ಳು ಬಯಲಾಗುತ್ತಿತ್ತೇನೋ. ನಾನು ಅಯ್ಯೋ ಪಾಪ ಎನ್ನುವ ದನಿಯಲ್ಲಿ ಗೆಳೆಯನ ಮಾನ ಮುಚ್ಚುವವನಂತೆ ಆಡಿದೆ. ಆ ದನಿಗೆ ಎದುರಾಡಲು ಆಗುವುದಿಲ್ಲ. ಅವಳು ತಲೆ ತಗ್ಗಿಸಿದಳು. ಈರಪ್ಪ ಬಾಯಿ ತೆರೆದವನು ಹಾಗೇ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಎಲ್ಲೋ ತಾನೇ ತಪ್ಪಿದ್ದೇನೆಂಬಂಥ ಗಾಬರಿ ಇತ್ತು.

ಅವಳು ನೀರು ತರಲು ಹೋದಾಗ ಮೆಲ್ಲಗೆ ಕೇಳಿದ: “ಅಣ್ಣಾ, ಆ ಡಾಕ್ಟರ್ ಯಾಕ ಹಂಗ ಬರಕೊಂಡ್ರು? ನಾ ಏನರೆ ತಪ್ಪ ಹೇಳಿದ್ನೇನ?”

“ದೊಡ್ಡ ದವಾಖಾನಿ ಈರಪ್ಪ, ಯಾರದೋ ಚೀಟಿ ಯಾರಿಗೋ ಹಚ್ಚಿರತಾರ” ಎಂದೆ.

ಅವನ ಮುಖ ಒಂದು ಕ್ಷಣ ಬೆಳಗಿತು. “ಹಂಗಾದ್ರ ಅಣ್ಣಾ — ರೋಗನೂ ನಂದಲ್ಲೇನೋ?”

ನಾನು ಅವನ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿಮಾಡಿದೆ.

ಶಾಂತವ್ವ ಯಾಕೆ ನಂಬಿದಳೆಂದು ನೀವು ಕೇಳಬಹುದು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಗಂಡ ಕುಡಿಯುವುದಿಲ್ಲ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ನರ್ಸಿನ ಮಾತು ಬಿದ್ದ ಮೇಲೆ, ನನ್ನ ಮಾತು ಅದರ ಮೇಲೆ ಬಿದ್ದ ಮೇಲೆ, ಅವಳು ಹಳೆಯ ಸಂಜೆಗಳನ್ನೆಲ್ಲ ಒಂದೊಂದಾಗಿ ತಿರುಗಿ ನೋಡಿದಳು. ಕೆಂಪು ಕಣ್ಣು. ತೂರಾಡುವ ಕಾಲು. ವಾಂತಿ. ಉಣ್ಣದೆ ಮಲಗುವುದು. ಬಾಯಿಂದ, ಬಟ್ಟೆಯಿಂದ ಬರುತ್ತಿದ್ದ ಘಾಟು. ಇಷ್ಟು ದಿನ ಎಣ್ಣಿಯ ವಾಸನೆ ಎಂದುಕೊಂಡಿದ್ದಳು. ಈಗ ಅನ್ನಿಸಿತು: ಎಣ್ಣಿಯ ವಾಸನೆಯೊಳಗೆ ಇನ್ನೊಂದು ವಾಸನೆ ಮುಚ್ಚಿಟ್ಟುಕೊಂಡು ಬರುತ್ತಿದ್ದ. ಅವನಿಗೆ ಏರಿದ ವಿಷದ ಗುರುತುಗಳೆಲ್ಲ ಅವನ ಮೇಲಿನ ಸಾಕ್ಷಿಗಳಾದವು.

ಆಸ್ಪತ್ರೆಯಲ್ಲಿ ಕೇಳಿದ್ದು ಊರಿಗೆ ಬರಲು ಬಸ್ಸು ಬೇಕಿಲ್ಲ. ಯಾರೂ ಅವನ ಮುಂದೆ ಆಡಲಿಲ್ಲ. ಔಷಧ ನಡೆದಿದ್ದಾಗ ನಡುವೆ ಸ್ವಲ್ಪ ಚೇತರಿಸಿಕೊಂಡು ಒಂದು ಸೋಮವಾರ ಗುಡಿಗೆ ಹೋದ. ತಾಳ ಇನ್ನೊಬ್ಬರ ಕೈಯಲ್ಲಿತ್ತು. “ನಿನಗ ಆರಾಮಿಲ್ಲಲ್ಲ, ಹಿಂದ ಗ್ವಾಡಿಗೆ ಆತು ಕೂಡಪಾ” ಎಂದರಂತೆ. ಗೋಡೆಗೆ ಒರಗಿ ಕುಳಿತ. ಮುಂದಿನ ಸೋಮವಾರ ಹೋಗಲಿಲ್ಲ. ಎಂಟನೆಯ ತಿಂಗಳು ತೀರಿಕೊಂಡ. ಮಣ್ಣಿಗೆ ಹೋದಾಗ ಹಿಂದೆ ಯಾರೋ ಹೇಳಿದ್ದು ಕೇಳಿಸಿತು — ಛಲೋ ಮನಶ್ಯಾ, ಅದೊಂದು ಚಟ ಇರಲಿಲ್ಲಂದ್ರ. ನಾನು ಹೆಗಲು ಕೊಟ್ಟು ನಡೆಯುತ್ತಿದ್ದೆ. ಆಗಲೂ ತಿರುಗಿ ನೋಡಲಿಲ್ಲ.

ಅವನು ಹೋದ ವರ್ಷವೇ ನಾನು ಮುಕಾದಮಿಕೆ ಬಿಟ್ಟೆ. ಊರವರು ಗೆಳೆಯನ ದುಃಖ ಎಂದರು. ಇರಲಿ ಎಂದು ಸುಮ್ಮನಿದ್ದೆ — ಸುಮ್ಮನಿರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅವನ ಪಂಪನ್ನು ಅವನ ತಮ್ಮ ಮಲ್ಲಪ್ಪ ಬೆನ್ನಿಗೇರಿಸಿದ.

ಮೂರು ವರ್ಷದ ಹಿಂದೆ ನನ್ನ ಮೊಣಕಾಲು ನೋವಿಗೆ ಧಾರವಾಡಕ್ಕೆ ಹೋದಾಗ, ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರಿಗೆ ಬೇರೆ ಯಾರದೋ ಕಥೆ ಎಂಬಂತೆ ಕೇಳಿದೆ: ಎಣ್ಣಿ ಹೊಡೆಯುವವರಿಗೆ ರಕ್ತದ ಕ್ಯಾನ್ಸರ್ ಬರುತ್ತದೆಯೇ? ಅವರು ನಮ್ಮ ಕಡೆಯವರೇ, ಅವರಿಗೆ ಎಣ್ಣಿ ಅಂದರೇನೆಂದು ಗೊತ್ತಿತ್ತು. “ಇಂಥಾವನಿಗೆ ಇದರಿಂದನ ಬಂತು ಅಂತ ಹೇಳಾಕ ಬರಂಗಿಲ್ಲ” ಎಂದರು. “ಏನೂ ಮುಟ್ಟದವರಿಗೂ ಬರತೈತಿ, ಹೊಡದವರೊಳಗ ಭಾಳ ಮಂದಿಗೆ ಬರಂಗಿಲ್ಲ. ಆದ್ರ ವರ್ಷಾನಗಟ್ಲೆ ಕೈಗೆ, ಮೈಗೆ, ಉಸಿರಿಗೆ ಹತ್ತಿದವರಿಗೆ ಕೆಲವೊಂದು ನಮೂನಿ ರಕ್ತದ ಕ್ಯಾನ್ಸರ್ ಬರೋ ಅಪಾಯ ಹೆಚ್ಚು. ಅದಕ್ಕ ನಾವು ಮೊದಲ ಕೇಳೂದು, ಏನ ಕೆಲಸ ಮಾಡ್ತಿ ಅಂತ.”

ಅದಕ್ಕೇ ಕೇಳುವುದು. ಹುಬ್ಬಳ್ಳಿಯಲ್ಲಿ ಈರಪ್ಪ ಅದನ್ನೇ ಹೇಳಿದ್ದ. ನಾವು ಬೇರೆ ಏನನ್ನೋ ಬರೆಸಿ ಬಂದಿದ್ದೆವು.

ಹೀಗಾಗಿ ಈರಪ್ಪನ ರೋಗ ಎಲ್ಲಿಂದ ಬಂತೆಂದು ನಾನು ಹೇಳಲಾರೆ. ಯಾರೂ ಹೇಳಲಾರರು. ಆದರೆ ಆ ಪ್ರಶ್ನೆಯನ್ನೇ ನಾನು ಮುಚ್ಚಿಹಾಕಿದೆ. ಅವನ ಜೊತೆ ಹೊಡೆಯುತ್ತಿದ್ದ ಐದು ಜನ, ಅವನ ತಮ್ಮ — ಯಾರಿಗೂ ಅದನ್ನು ಕೇಳಿಕೊಳ್ಳುವ ಕಾರಣವೇ ಉಳಿಯಲಿಲ್ಲ. ಅವರೆಲ್ಲರ ಪಾಲಿಗೆ ಅವನು ಕುಡಿದು ಸತ್ತವನು. ಅವರು ಕುಡಿಯುವವರಲ್ಲ. ಅಲ್ಲಿಗೆ ಮುಗಿಯಿತು. ಇದು ತಿಳಿದ ಮೇಲೂ ನಾನು ಮೂರು ವರ್ಷ ಸುಮ್ಮನಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಈ ಸಲ ಹೆಸರುಕಾಯಿ ಬಿಡಿಸಿ ಮುಗಿದ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ಕಾಯುತ್ತಿದ್ದೆ. ನನ್ನ ಮುಂದೆ ಶಾಂತವ್ವ. ಮಲ್ಲಪ್ಪ ಹೊಲದಿಂದ ಬರುತ್ತ ಅಲ್ಲೇ ನಿಂತ, ಅಂಗಿಯೆಲ್ಲ ಎಣ್ಣಿ ಘಾಟು.

“ವೈನಿ, ಎಂಟ ದಿನಾತು, ಹಲ್ಲ ತಿಕ್ಕಿದ್ರ ರಗತ ಬರಾಕತ್ತೈತಿ. ಮೈಯಾಗ ಕಸುವಿಲ್ಲ” ಎಂದ.

ಶಾಂತವ್ವ ನಕ್ಕಳು. ಅಕ್ಕರೆಯ ನಗು. “ಕಡ್ಡಿ ಹಾಕಿ ತಿಕ್ಕತೀಯೇನೋ ಖೋಡಿ. ನಿನಗೇನ ಆಗತೈತಿ? ನೀ ಏನ ನಿಮ್ಮಣ್ಣನಂಗ ಕುಡಿತೀಯೇನ?”

ಗಿರಣಿಯ ಸದ್ದಿನಲ್ಲೂ ಪ್ರತಿ ಅಕ್ಷರ ಕೇಳಿಸಿತು. ನನ್ನ ಸುಳ್ಳು ಸತ್ತವನ ಜೊತೆ ಮಣ್ಣಾಗಿಲ್ಲ, ಬದುಕಿದ್ದವನನ್ನು ಹಿಡಿದುಕೊಂಡು ನಿಂತಿದೆ ಎಂದು ಆಗ ಗೊತ್ತಾಯಿತು. ಹಿಟ್ಟು ಬೀಸಿಸಿಕೊಳ್ಳದೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು. “ಬರ್ರಿ ಅಣ್ಣಾರ, ಕುಂದರ್ರಿ, ಚಾ ಮಾಡ್ತೀನಿ” ಎಂದಳು. ಚಾ ಬೇಡ ಎಂದೆ. ನಿಂತುಕೊಂಡೇ ಹೇಳಿದೆ. ಡಾಕ್ಟರು ಕೇಳಿದ್ದು, ಈರಪ್ಪ ಹೇಳಿದ್ದು, ನನಗೆ ನಗು ಬಂದದ್ದು, ಹೌದ್ರಿ ಎಂದದ್ದು. ಟವೆಲ್ ಬಿಚ್ಚಿಸಿದ್ದು, ಕಾಗದ ಮಡಿಸಿಟ್ಟದ್ದು. ಎಲ್ಲ. ಎಲ್ಲಿಯೂ ನನ್ನ ಪರವಾಗಿ ಒಂದು ಮಾತು ಸೇರದಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಆದರೂ ಕೊನೆಗೆ “ಅಂಜಿದ್ನೆವ್ವ” ಎಂದುಬಿಟ್ಟೆ.

ಅವಳ ಕೈ ಬೇಳೆಯಲ್ಲಿ ಆಡುತ್ತಲೇ ಇತ್ತು. ಒಂದು ಹರಳು ತೆಗೆದು ಬದಿಗಿಟ್ಟಳು. ಇನ್ನೊಂದು ತೆಗೆದಳು. ತಲೆ ಎತ್ತದೆ ಹೇಳಿದಳು:

“ಎಂಟು ತಿಂಗಳು ನಾ ಅವರ ಬಾಯಿ ಮೂಸಿ ನೋಡೀನ್ರಿ ಅಣ್ಣಾರ. ಮಗ್ಗಲ ಬದಲಿಸಾಕ ಬಗ್ಗಿದಾಗೊಮ್ಮೆ ಮೂಸೀನಿ. ಗಂಜಿ ಕುಡಿಸಾಕ ಹೋದಾಗೊಮ್ಮೆ ಮೂಸೀನಿ. ಅವರಿಗೆ ತಿಳೀತಿತ್ತು. ಆಮ್ಯಾಲೆ ಆಮ್ಯಾಲೆ ನಾ ಹತ್ರ ಹೋದಕೂಡ್ಲೆ ತಾವ ಬಾಯಿ ತಗದ ತೋರಸ್ತಿದ್ರು. ಸಣ್ಣ ಹುಡುಗೂರು ತೋರಸ್ತಾವಲ್ಲ, ಹಂಗ.”

ಅವಳು ಅಳಲಿಲ್ಲ. ಬೈಯುತ್ತಾಳೆಂದು ಕಾದೆ — ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಮೊಮ್ಮಗಳ ಶಾಲೆಯ ನೋಟುಬುಕ್ಕು, ಪೆನ್ನು ತಂದು ನನ್ನ ಮುಂದೆ ಇಟ್ಟಳು.

“ಡಾಕ್ಟರು ಬರಕೊಂಡಾರಲ್ಲ. ನೀವೂ ಬರೀರಿ.”

ನೆಲದ ಮೇಲೆ ಕುಳಿತು ಬರೆದೆ. ಈರಪ್ಪ ಎಷ್ಟು ವರ್ಷ, ಯಾವ ಬೆಳೆಗಳಿಗೆ, ದಿನಕ್ಕೆ ಎಷ್ಟು ತಾಸು, ತೋಳು ಇಳಿಸಿ ಬೆರೆಸುತ್ತಿದ್ದದ್ದು, ಬಾಯಿಂದ ಊದುತ್ತಿದ್ದದ್ದು. ನೆನಪಿದ್ದ ಬಾಟಲಿಗಳ ಹೆಸರು. ಮಲ್ಲಪ್ಪನೂ ಎಂಟು ವರ್ಷದಿಂದ ಹಾಗೇ ಮಾಡುತ್ತಿದ್ದಾನೆಂದು. ಓದಿ ಹೇಳ್ರಿ ಎಂದಳು. ಓದಿದೆ: ಈರಪ್ಪನು ಇಪ್ಪತ್ತೆರಡು ವರ್ಷ ಹೊಲಗಳಿಗೆ ಎಣ್ಣಿ ಹೊಡೆಯುತ್ತಿದ್ದನು —

“ನಿಂದರ್ರಿ” ಎಂದಳು. “ಮತ್ತ ಅದನ್ನ ಬರದೀರೇನು?”

ನಾನು ಕಾಗದ ನೋಡಿದೆ. ಕೈ ತಾನಾಗಿ ಬರೆದಿತ್ತು. ಒಂಬತ್ತು ವರ್ಷ ನನ್ನನ್ನು ಸುಟ್ಟ ಮಾತನ್ನು ನಾನೇ ಮತ್ತೆ ಬರೆದಿದ್ದೆ, ಗೊತ್ತಿಲ್ಲದೆ.

“ವಿಷ ಅಂತ ಬರೀರಿ. ಯಾವ ಊರಿನ ಡಾಕ್ಟರ್ ಓದಿದ್ರೂ ತಿಳೀಬೇಕು.”

ಹೊಡೆದು ಹಾಕಿ, ಬೆಳೆಗೆ ಸಿಂಪಡಿಸುವ ವಿಷ ಎಂದು ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಅವಳು ಹಾಳೆ ಹರಿದು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ಕೇಳಿದೆ, ಮಲ್ಲಪ್ಪನ ಜೊತೆ ಹುಬ್ಬಳ್ಳಿಗೆ ನಾನು ಬರಲೇ, ಈ ಸಲ ಡಾಕ್ಟರ ಮುಂದೆ ಎಲ್ಲ ನಾನೇ ಹೇಳಲೇ ಎಂದು. ಆ ಒಂದು ಅವಕಾಶ ಸಿಗಬಹುದೆಂಬ ಆಸೆ ನನಗಿತ್ತು. ಸಿಕ್ಕರೆ ನಾನು ಸ್ವಲ್ಪ ಹಗುರಾಗಬಹುದಿತ್ತು.

“ನೀವು ಬ್ಯಾಡ್ರಿ” ಎಂದಳು. “ನೀವು ಬಸವಣ್ಣನ ಗುಡಿಗೆ ಹೋಗ್ರಿ. ಅಲ್ಲಿ ಹೇಳ್ರಿ. ನಾ ಹೇಳಿದ್ರ ಗಂಡನ ಮಾನ ಮುಚ್ಚಾಕತ್ಯಾಳ ಅಂತಾರ.”

ಸೋಮವಾರ ಭಜನೆ ಶುರುವಾಗುವ ಮೊದಲು ಎದ್ದು ನಿಂತು ಹೇಳಿದೆ. ಈರಪ್ಪನನ್ನು ಗೋಡೆಗೆ ಕೂಡಿಸಿದ ಹಿರಿಯ ತಾಳವನ್ನು ಕೈಯಿಂದ ಕೆಳಗಿಟ್ಟು ಹೇಳಿದ: “ಅಂವ ಇದ್ದಾಗ ಹೇಳಬೇಕಿತ್ತಲ್ಲೋ ನಿಂಗಪ್ಪ. ನಮ್ಮನ್ನೂ ಪಾಪಕ್ಕ ಹಚ್ಚಿದಿ.” ಆ ದಿನ ಭಜನೆ ಆಗಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು.

ಮಂಗಳವಾರ ಬೆಳಗಿನ ಬಸ್ಸಿಗೆ ಶಾಂತವ್ವ, ಮಲ್ಲಪ್ಪ ಹೊರಟರು. ನಾನು ಬಸ್ ನಿಲ್ದಾಣದ ಕಟ್ಟೆಯ ಬಳಿ ದೂರದಲ್ಲಿ ನಿಂತಿದ್ದೆ. ಕಾಣಬಾರದೆಂದೇ ನಿಂತಿದ್ದ ನನ್ನನ್ನು ಮಲ್ಲಪ್ಪ ಕಿಟಕಿಯಿಂದ ಕಂಡು ಕೂಗಿದ:

“ಅಣ್ಣಾ, ಬರಂಗಿಲ್ಲೇನು? ಅಲ್ಲಿ ಕೇಳಿದ್ರ ಹೇಳಾಕ ಓದಿದವರು ಬೇಕಲ್ಲ!”

ಶಾಂತವ್ವ ನನ್ನ ಕಡೆ ನೋಡಲಿಲ್ಲ. ಸೆರಗಿನ ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದಳು.

“ಅವರು ಬ್ಯಾಡ. ಅವರ ಮಾತು ನನ್ನ ಹತ್ರ ಐತಿ” ಎಂದಳು.

ಬಸ್ಸು ಹೋಯಿತು. ಮಲ್ಲಪ್ಪನ ರಕ್ತದ ಪರೀಕ್ಷೆ ಏನಾಯಿತೆಂದು ನನಗೆ ಇನ್ನೂ ಗೊತ್ತಿಲ್ಲ. ಅವರಾಗಿ ಹೇಳಿದರೆ ಕೇಳುತ್ತೇನೆ, ನಾನಾಗಿ ಆ ಮನೆಯ ಮೆಟ್ಟಿಲು ಹತ್ತಿ ಕೇಳುವುದಿಲ್ಲ.